ಮೊದಲ ವಿಮಾನವನ್ನು ಮಾಡಿದ ಕೈಗಳು

(ತೋಟದ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲ ದುಡಿದು ದಣಿದು ಬಂದವರು ನೀವು. ಆದ್ದರಿಂದ ಈ ಹೊತ್ತು ಒಂದು ಕತೆಯನ್ನೇ ಹೇಳೋಣವೆಂದು ನಿಂತಿದ್ದೇನೆ. ಇದು ವಿಮಾನದ ಕತೆ. ಕಟ್ಟುಕತೆಯಲ್ಲ, ನಡೆದ ಸಂಗತಿ.

ಮೊದಲ ವಿಮಾನವನ್ನು ಮಾಡಿದವರು ಯಾರು ಎಂದು ಶಾಲೆಗೆ ಹೋಗುವ ಮಕ್ಕಳನ್ನು ಕೇಳಿದರೆ ರೈಟ್ ಸಹೋದರರು ಎಂದು ತಟ್ಟನೆ ಹೇಳುತ್ತಾರೆ. ಉತ್ತರ ಸರಿ. ಪರೀಕ್ಷೆಯಲ್ಲಿ ಪೂರ್ತಿ ಅಂಕವೂ ಸಿಗುತ್ತದೆ. ಆದರೆ ಆ ವಿಮಾನದ ಇಂಜಿನ್ನನ್ನು ಮಾಡಿದವರು ಯಾರು ಎಂದು ಕೇಳಿದರೆ ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ತಿಳಿಯದು. ಇಂಜಿನ್ ಇಲ್ಲದೆ ವಿಮಾನ ಏಳುವುದಿಲ್ಲ. ಅದನ್ನು ಕೈಯಾರೆ ಮಾಡಿದವರು ಗಂಟೆಗೆ ಇಷ್ಟು ಎಂದು ಕೂಲಿ ಪಡೆಯುತ್ತಿದ್ದ ಒಬ್ಬ ಕೆಲಸಗಾರರು. ಅವರ ಹೆಸರು ಚಾರ್ಲಿ ಟೇಲರ್. ರೈಟ್ ಸಹೋದರರ ಕತೆಯ ಜೊತೆಗೆ ಅವರ ಕತೆಯನ್ನೂ, ಅವರ ಮುಪ್ಪಿನ ಕತೆಯನ್ನೂ ನಾವು ಕೇಳಬೇಕು.

ಮೊದಲು ಹಾರಲು ಹೋದವರು

ರೈಟ್ ಸಹೋದರರಿಗಿಂತ ಮುಂಚೆ ಜರ್ಮನಿ ದೇಶದಲ್ಲಿ ಓಟ್ಟೊ ಲಿಲಿಯೆಂಥಾಲ್ ಎಂಬವರಿದ್ದರು. ಬಾಯ್ಲರ್ ಮತ್ತು ಉಗಿ ಯಂತ್ರ ಮಾಡುವ ಸಣ್ಣ ಕಾರ್ಖಾನೆ ಅವರದು. ಕೊಕ್ಕರೆಗಳು ಹಾರುವುದನ್ನು ವರ್ಷಗಟ್ಟಲೆ ನೋಡಿ ನೋಡಿ, ಬಿದಿರಿನಂಥ ಹಗುರ ಕಡ್ಡಿಗಳಿಗೆ ಬಟ್ಟೆ ಬಿಗಿದು ರೆಕ್ಕೆ ಮಾಡಿದರು. 1891ರಿಂದ ಗುಡ್ಡದ ಮೇಲಿನಿಂದ ಓಡಿ ಬಂದು ಗಾಳಿಯಲ್ಲಿ ಜಾರುತ್ತಾ ಇಳಿಯಲು ಕಲಿತರು. ಇಂಜಿನ್ ಇಲ್ಲದ ಇಂಥ ಯಂತ್ರಕ್ಕೆ ಗ್ಲೈಡರ್ ಎಂದು ಹೆಸರು. ಸುಮಾರು ಎರಡು ಸಾವಿರ ಸಲ ಅವರು ಹೀಗೆ ಹಾರಿದರು. 1896ರ ಆಗಸ್ಟ್ 9ರಂದು ಗಾಳಿ ಕೈಕೊಟ್ಟು ಬಿದ್ದು, ಮಾರನೆಯ ದಿನ ತೀರಿಕೊಂಡರು. ಆಗ ಅವರಿಗೆ 48 ವರ್ಷ.

ಈ ಲಿಲಿಯೆಂಥಾಲರ ಬಗ್ಗೆ ನಾವು ಕಾರ್ಮಿಕರು ನೆನಪಿಡಬೇಕಾದ ಮಾತು ಇನ್ನೊಂದಿದೆ. 1890ರಲ್ಲೇ ಅವರು ತಮ್ಮ ಕಾರ್ಖಾನೆಯ ಲಾಭದಲ್ಲಿ ನೂರಕ್ಕೆ 25 ಪಾಲನ್ನು ಕೆಲಸಗಾರರಿಗೆ ಹಂಚುವ ಏರ್ಪಾಡು ಮಾಡಿದ್ದರು. ಹಾರಾಟದಲ್ಲೂ ಅವರು ಒಂಟಿಯಾಗಿರಲಿಲ್ಲ. ಪಾಲ್ ಬೈಲಿಷ್ ಎಂಬ ಅವರ ಮೆಕ್ಯಾನಿಕ್ ಗ್ಲೈಡರ್‌ಗಳನ್ನು ಮಾಡುವುದರಲ್ಲಿ ಜೊತೆಯಾಗಿದ್ದರು. ಲಿಲಿಯೆಂಥಾಲ್ ಬಿದ್ದ ದಿನವೂ ಪಕ್ಕದಲ್ಲಿದ್ದವರು ಅವರೇ.

ಲಿಲಿಯೆಂಥಾಲ್ ಸತ್ತ ಸುದ್ದಿ ಸಮುದ್ರ ದಾಟಿ ಅಮೆರಿಕಕ್ಕೆ ಬಂತು. ಅಲ್ಲಿ ಓಹಾಯೊ ಸೀಮೆಯ ಡೇಟನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅಣ್ಣತಮ್ಮಂದಿರ ಮನಸ್ಸಿಗೆ ಅದು ನಾಟಿತು.

ಪಾದ್ರಿಯ ಮನೆ, ಸೈಕಲ್ ಅಂಗಡಿ

ಅಣ್ಣ ವಿಲ್ಬರ್ ಹುಟ್ಟಿದ್ದು 1867ರಲ್ಲಿ. ತಮ್ಮ ಆರ್ವಿಲ್ 1871ರಲ್ಲಿ. ತಂದೆ ಮಿಲ್ಟನ್ ರೈಟ್ ಒಂದು ಪ್ರಾಟೆಸ್ಟಂಟ್ ಸಭೆಯ ಬಿಷಪರು. ತಾಯಿ ಸೂಸನ್ ಗಾಡಿ ಮಾಡುವವರ ಮಗಳು. ಮಕ್ಕಳ ಆಟದ ಸಾಮಾನಿನಿಂದ ಹಿಡಿದು ಮನೆಬಳಕೆಯ ವಸ್ತುಗಳವರೆಗೆ ತಾವೇ ಮಾಡಿಕೊಳ್ಳಬಲ್ಲ ಹೆಣ್ಣುಮಗಳು. ಉಳಿ ಸುತ್ತಿಗೆ ಹಿಡಿಯುವ ಕೈಚಳಕ ಮಕ್ಕಳಿಗೆ ಬಂದದ್ದು ತಾಯಿಯಿಂದ. ಆಕೆ 1889ರಲ್ಲಿ ಕ್ಷಯರೋಗದಿಂದ ತೀರಿಕೊಂಡರು.

1878ರಲ್ಲಿ ತಂದೆ ಪ್ರವಾಸದಿಂದ ಬರುವಾಗ ಒಂದು ಆಟಿಕೆ ತಂದುಕೊಟ್ಟರು. ಬೆಂಡು, ಬಿದಿರು, ಕಾಗದದಿಂದ ಮಾಡಿದ್ದು. ರಬ್ಬರ್ ಸುತ್ತಿ ಬಿಟ್ಟರೆ ಮಾಡಿನವರೆಗೆ ಹಾರುತ್ತಿತ್ತು. ಹುಡುಗರು ಅದು ಮುರಿಯುವವರೆಗೆ ಆಡಿದರು, ಮುರಿದ ಮೇಲೆ ಅದರಂತೆಯೇ ಬೇರೆ ಮಾಡಿದರು.

ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹೈಸ್ಕೂಲಿನ ಸರ್ಟಿಫಿಕೇಟು ಕೂಡ ಇಬ್ಬರ ಕೈಗೂ ಬರಲಿಲ್ಲ. ಮೊದಲು ಅಚ್ಚುಕೂಟ ನಡೆಸಿದರು. 1892ರಿಂದ ಸೈಕಲ್ ವ್ಯಾಪಾರ, ರಿಪೇರಿ, ಆಮೇಲೆ ಸ್ವಂತ ಸೈಕಲ್ ತಯಾರಿಕೆ. ಕಾಲೇಜಿನಲ್ಲಿ ಪದವಿ ಪಡೆದವಳು ತಂಗಿ ಕ್ಯಾಥರೀನ್. ಆಕೆ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದಳು. ಆ ಮನೆಯ ಅಡಿಗೆ, ಕಸಮುಸುರೆ ನೋಡಿಕೊಂಡವಳು ಕ್ಯಾರಿ ಎಂಬ ಹುಡುಗಿ. 1900ರಲ್ಲಿ, 14ನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಆಕೆ 1948ರಲ್ಲಿ ಆರ್ವಿಲ್ ಸಾಯುವವರೆಗೂ ಆ ಮನೆಯಲ್ಲೇ ದುಡಿದರು.

ಸೈಕಲ್ ಕಲಿಸಿದ ಪಾಠ

ಅಂದಿನ ದೊಡ್ಡ ದೊಡ್ಡ ಪಂಡಿತರು ಬಲವಾದ ಇಂಜಿನ್ ಇದ್ದರೆ ಸಾಕು, ಯಂತ್ರ ತಾನೇ ಹಾರುತ್ತದೆ ಎಂದುಕೊಂಡಿದ್ದರು. ರೈಟ್ ಸಹೋದರರು ಹಾಗೆ ಯೋಚಿಸಲಿಲ್ಲ. ಸೈಕಲನ್ನು ನೋಡಿ. ನಿಂತಲ್ಲಿ ಅದು ಬೀಳುತ್ತದೆ. ಓಡುವಾಗಲೂ ಸವಾರ ಕ್ಷಣಕ್ಷಣಕ್ಕೂ ಮೈಯನ್ನು ಅತ್ತ ಇತ್ತ ವಾಲಿಸಿ ಸಮತೋಲ ಇಟ್ಟುಕೊಳ್ಳಬೇಕು. ಗಾಳಿಯಲ್ಲಿಯೂ ಹೀಗೆಯೇ, ಮೊದಲು ಸಮತೋಲ, ಆಮೇಲೆ ಇಂಜಿನ್ ಎಂಬುದು ಅವರ ಲೆಕ್ಕ.

1899ರಲ್ಲಿ ಒಂದು ದಿನ ವಿಲ್ಬರ್ ಅಂಗಡಿಯಲ್ಲಿ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಚುತ್ತಾ ಇದ್ದರು. ಒಂದು ತುದಿ ಮೇಲಕ್ಕೆ, ಇನ್ನೊಂದು ತುದಿ ಕೆಳಕ್ಕೆ ತಿರುಗಿತು. ರೆಕ್ಕೆಯ ತುದಿಗಳನ್ನೂ ಹೀಗೆ ತಿರುಚಿದರೆ ವಿಮಾನವನ್ನು ಬೇಕಾದ ಕಡೆಗೆ ವಾಲಿಸಬಹುದಲ್ಲ ಎಂದು ಹೊಳೆಯಿತು. ಮೊದಲು ಗಾಳಿಪಟ ಮಾಡಿ ನೋಡಿದರು. ಸರಿಹೋಯಿತು.

1900ರಲ್ಲಿ ಅವರು ಸಮುದ್ರತೀರದ ಕಿಟ್ಟಿ ಹಾಕ್ ಎಂಬ ಹಳ್ಳಿಗೆ ಗ್ಲೈಡರ್ ತೆಗೆದುಕೊಂಡು ಹೋದರು. ಅಲ್ಲಿ ಬಲವಾದ ಗಾಳಿ, ಬಿದ್ದರೆ ಪೆಟ್ಟಾಗದ ಮರಳು. ಬೆಸ್ತರು ಮತ್ತು ಕರಾವಳಿಯ ಜೀವರಕ್ಷಕರು ಇರುವ ಬಡ ಊರು. ಅಲ್ಲಿನ ಅಂಚೆಮನೆಯ ಟೇಟ್ ದಂಪತಿಗಳು ವಿಲ್ಬರ್‌ಗೆ ಮನೆಯಲ್ಲಿ ಜಾಗ ಕೊಟ್ಟರು, ರೆಕ್ಕೆಯ ಬಟ್ಟೆ ಹೊಲಿಯಲು ತಮ್ಮ ಹೊಲಿಗೆ ಯಂತ್ರ ಕೊಟ್ಟರು. ಪ್ರಯೋಗ ಮುಗಿದ ಮೇಲೆ ಬಿಟ್ಟುಹೋದ ಗ್ಲೈಡರಿನ ಬಟ್ಟೆಯನ್ನು ಬಿಚ್ಚಿ ಟೇಟ್ ಅಮ್ಮನವರು ತಮ್ಮ ಹೆಣ್ಣುಮಕ್ಕಳಿಗೆ ಫ್ರಾಕು ಹೊಲಿದರು! ಬಡವರ ಮನೆಯಲ್ಲಿ ಏನೂ ವ್ಯರ್ಥವಾಗುವುದಿಲ್ಲ ಎಂಬುದು ನಮಗೂ ಗೊತ್ತು.

ಹೊಲಿಗೆ ಎಂದಾಗ ಹೇಳಬೇಕು. ವಿಮಾನದ ಬಟ್ಟೆಯನ್ನು ತಂಗಿ ಹೊಲಿದುಕೊಟ್ಟಳೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಹೊಲಿಗೆ ಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತವರು ವಿಲ್ಬರ್. ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಬಟ್ಟೆಗೆ ಗುರುತು ಹಾಕಿದವರು ಆರ್ವಿಲ್. ಇದು ಹೆಣ್ಣಿನ ಕೆಲಸ, ಇದು ಗಂಡಿನ ಕೆಲಸ ಎಂದು ಅವರು ಕೈಕಟ್ಟಿ ಕೂರಲಿಲ್ಲ.

1901ರ ಗ್ಲೈಡರ್ ಲೆಕ್ಕದಂತೆ ಹಾರಲಿಲ್ಲ. ಇಬ್ಬರೂ ಮನಸ್ಸು ಮುರಿದು ಊರಿಗೆ ಮರಳಿದರು. ಆದರೆ ಕೈಬಿಡಲಿಲ್ಲ. ಹಿಂದಿನವರ ಲೆಕ್ಕವೇ ತಪ್ಪಿರಬಹುದೆಂದು ಅನುಮಾನ ಬಂತು. ಆರು ಅಡಿ ಉದ್ದದ ಒಂದು ಮರದ ಪೆಟ್ಟಿಗೆ ಮಾಡಿ, ಒಂದು ತುದಿಯಲ್ಲಿ ಫ್ಯಾನ್ ಇಟ್ಟು ಗಾಳಿ ಹಾಯಿಸಿದರು. ಸಣ್ಣ ಸಣ್ಣ ರೆಕ್ಕೆಗಳನ್ನು ಅದರೊಳಗೆ ಇಟ್ಟು ಯಾವ ಆಕಾರ ಎಷ್ಟು ಎತ್ತುತ್ತದೆ ಎಂದು ಅಳೆದರು. ಸುಮಾರು ಇನ್ನೂರು ಆಕಾರಗಳನ್ನು ಪರೀಕ್ಷಿಸಿದರು. ಆ ಅಳತೆಯಿಂದ ಮಾಡಿದ 1902ರ ಗ್ಲೈಡರ್ ಹೇಳಿದಂತೆ ಕೇಳಿತು. ಅದರಲ್ಲಿ ನೂರಾರು ಸಲ ಹಾರಿ ಪಳಗಿದರು. ಇನ್ನು ಉಳಿದದ್ದು ಇಂಜಿನ್.

ಚಾರ್ಲಿ ಟೇಲರ್

ಅಣ್ಣತಮ್ಮಂದಿರು ತಿಂಗಳುಗಟ್ಟಲೆ ಕಿಟ್ಟಿ ಹಾಕ್‌ನಲ್ಲಿ ಇದ್ದರೆ ಅಂಗಡಿ ನೋಡುವವರು ಯಾರು? ಹಾರಾಟದ ಖರ್ಚೆಲ್ಲ ಸೈಕಲ್ ಅಂಗಡಿಯ ಸಂಪಾದನೆಯಿಂದಲೇ ಬರಬೇಕಿತ್ತು. ಅದಕ್ಕಾಗಿ 1901ರ ಜೂನ್ ತಿಂಗಳಲ್ಲಿ ಚಾರ್ಲಿ ಟೇಲರ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡರು. ಆಗ ಅವರಿಗೆ 33 ವರ್ಷ. ಹಿಂದಿನ ಕೆಲಸದಲ್ಲಿ ಗಂಟೆಗೆ 25 ಸೆಂಟ್ ಸಿಗುತ್ತಿತ್ತು. ಇಲ್ಲಿ 30 ಸೆಂಟ್. ವಾರಕ್ಕೆ 60 ಗಂಟೆ ದುಡಿದರೆ 18 ಡಾಲರ್. ಅಂದಿನ ಕಾಲಕ್ಕೆ ಅದು ಒಳ್ಳೆಯ ಕೂಲಿಯೇ.

ಯಜಮಾನರು ಊರಲ್ಲಿ ಇಲ್ಲದಾಗ ಅಂಗಡಿ ತೆರೆದು, ಸೈಕಲ್ ರಿಪೇರಿ ಮಾಡಿ, ಹಣ ಜೋಪಾನ ಮಾಡಿ ಇಟ್ಟವರು ಟೇಲರ್. ಅವರು ಅಲ್ಲಿ ದುಡಿದುದರಿಂದ ಇವರು ಇಲ್ಲಿ ಹಾರಿದರು.

1902ರ ಕೊನೆಗೆ ರೈಟ್ ಸಹೋದರರು ಹಲವು ಕಂಪೆನಿಗಳಿಗೆ ಕಾಗದ ಬರೆದು, ಹಗುರವಾದ ಎಂಟು ಕುದುರೆ ಬಲದ ಇಂಜಿನ್ ಬೇಕೆಂದು ಕೇಳಿದರು. ಅವರಿಗೆ ಬೇಕಾದಂಥದ್ದು ಎಲ್ಲಿಯೂ ಸಿಗಲಿಲ್ಲ. ನಾವೇ ಮಾಡೋಣ ಎಂದರು. ಮಾಡುವ ಕೆಲಸ ಟೇಲರ್ ಅವರ ಪಾಲಿಗೆ ಬಂತು. ಅದಕ್ಕೆ ಮುಂಚೆ ಪೆಟ್ರೋಲ್ ಇಂಜಿನ್ ಜೊತೆ ಅವರಿಗಿದ್ದ ಒಡನಾಟವೆಂದರೆ ಒಂದು ಕಾರಿನ ಇಂಜಿನ್ ರಿಪೇರಿ ಮಾಡಲು ಹೋದದ್ದು ಅಷ್ಟೇ.

ನಮ್ಮ ಫ್ಯಾಕ್ಟರಿಯ ಫಿಟ್ಟರ್ ಅಣ್ಣಂದಿರು ಇದನ್ನು ಗಮನವಿಟ್ಟು ಕೇಳಬೇಕು. ಅಂಗಡಿಯಲ್ಲಿ ಇದ್ದದ್ದು ಒಂದು ಲೇತ್, ಒಂದು ಡ್ರಿಲ್ ಯಂತ್ರ, ಮತ್ತೆ ಕೈ ಉಪಕರಣಗಳು. ದೊಡ್ಡ ನಕ್ಷೆ ಎಂಬುದು ಇರಲಿಲ್ಲ. ಮೂವರೂ ಸೇರಿ ಒಂದೊಂದೇ ಭಾಗದ ಬಗ್ಗೆ ಮಾತಾಡುವರು, ತುಂಡು ಕಾಗದದ ಮೇಲೆ ಚಿತ್ರ ಬರೆಯುವರು. ಟೇಲರ್ ಆ ಚೀಟಿಯನ್ನು ತಮ್ಮ ಮೇಜಿನ ಮೇಲೆ ಮೊಳೆಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ತೊಡಗುವರು.

ಎಲ್ಲಕ್ಕಿಂತ ಕಷ್ಟದ ಕೆಲಸ ಕ್ರ್ಯಾಂಕ್ ಶಾಫ್ಟ್. ಪಿಸ್ಟನ್ನಿನ ಮೇಲೆ ಕೆಳಗೆ ಓಟವನ್ನು ತಿರುಗುವ ಓಟವನ್ನಾಗಿ ಮಾಡುವ ಡೊಂಕು ದಂಡ ಅದು. ಟೇಲರ್ 31 ಅಂಗುಲ ಉದ್ದ, 6 ಅಂಗುಲ ಅಗಲ, ಒಂದೂವರೆ ಅಂಗುಲಕ್ಕೂ ಹೆಚ್ಚು ದಪ್ಪದ ಉಕ್ಕಿನ ಹಲಗೆಯನ್ನು ತೆಗೆದುಕೊಂಡರು. ತೂಕ ನೂರು ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ 45 ಕಿಲೋ. ಅದರ ಮೇಲೆ ಆಕಾರ ಗೀರಿ, ಗೀರಿನ ಉದ್ದಕ್ಕೂ ಸಾಲಾಗಿ ತೂತು ಕೊರೆದು, ಬೇಡವಾದ ಉಕ್ಕನ್ನು ಉಳಿ ಸುತ್ತಿಗೆಯಿಂದ ಹೊಡೆದು ಬೀಳಿಸಿದರು. ಉಳಿದದ್ದನ್ನು ಲೇತಿಗೆ ಹಾಕಿ ನಯ ಮಾಡಿದರು. ಕೊನೆಗೆ ಉಳಿದದ್ದು 19 ಪೌಂಡು, ಸುಮಾರು ಎಂಟೂವರೆ ಕಿಲೋ. ಅದರ ಸಮತೋಲ ಕೂದಲಷ್ಟೂ ತಪ್ಪಿರಲಿಲ್ಲ.

ಇಂಜಿನ್ ಹಗುರವಿರಲೆಂದು ಅದರ ಒಡಲನ್ನು ಅಲ್ಯೂಮಿನಿಯಂನಲ್ಲಿ ಊರಿನ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿದರು. ನಾಲ್ಕು ಸಿಲಿಂಡರು. ಕಾರ್ಬುರೇಟರ್ ಇಲ್ಲ. ಮೇಲೆ ಕಟ್ಟಿದ ಸಣ್ಣ ಡಬ್ಬಿಯಿಂದ ಪೆಟ್ರೋಲ್ ತಾನಾಗಿ ಇಳಿದು ಬರುವಂತೆ ಮಾಡಿದ್ದರು. ಆರೇ ವಾರದಲ್ಲಿ ಇಂಜಿನ್ ಸಿದ್ಧವಾಯಿತು. 1903ರ ಫೆಬ್ರವರಿಯಲ್ಲಿ ಓಡಿಸಿ ನೋಡುವಾಗ ಒಡಲು ಒಡೆದುಹೋಯಿತು. ಮತ್ತೆ ಎರಕ ಹೊಯ್ಯಿಸಿ ಮತ್ತೆ ಮಾಡಿದರು. ಎಂಟು ಕುದುರೆ ಬಲ ಬೇಕೆಂದಿದ್ದ ಕಡೆ ಅದು 12 ಕುದುರೆ ಬಲ ಕೊಟ್ಟಿತು. ಆ ಬಲವನ್ನು ಎರಡು ಪ್ರೊಪೆಲ್ಲರುಗಳಿಗೆ ಮುಟ್ಟಿಸಿದ್ದು ಏನು ಗೊತ್ತೆ? ಸೈಕಲಿನಲ್ಲಿ ಇರುವಂಥ ಚೈನು ಮತ್ತು ಹಲ್ಲುಗಾಲಿ.

ಹಣದ ಯಂತ್ರ, ಕೈಯ ಯಂತ್ರ

ಅದೇ ವೇಳೆಗೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಸ್ಯಾಮುಯೆಲ್ ಲ್ಯಾಂಗ್ಲಿ ಎಂಬ ಹೆಸರಾಂತ ವಿಜ್ಞಾನಿ ವಿಮಾನ ಮಾಡುತ್ತಿದ್ದರು. ಸರಕಾರದ ಯುದ್ಧ ಇಲಾಖೆ ಅವರಿಗೆ 50,000 ಡಾಲರ್ ಕೊಟ್ಟಿತ್ತು. ಚಾರ್ಲಿ ಟೇಲರ್ ವಾರಕ್ಕೆ 18 ಡಾಲರಿನಂತೆ 53 ವರ್ಷ ದುಡಿದರೆ ಬರುವ ಹಣ ಅದು. ಅವರ ಇಂಜಿನ್ 52 ಕುದುರೆ ಬಲದ್ದು. ನದಿಯ ಮೇಲಿನ ದೋಣಿಮನೆಯಿಂದ ಅದನ್ನು ಹಾರಿಸಿದರು. 1903ರ ಅಕ್ಟೋಬರ್ 7ರಂದು ನೀರಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೆ ಬಿತ್ತು. ಅದರಲ್ಲಿ ಕುಳಿತಿದ್ದ ಚಾರ್ಲ್ಸ್ ಮ್ಯಾನ್ಲಿ ಜೀವಸಹಿತ ಉಳಿದದ್ದೇ ಪುಣ್ಯ. ಬಲ ಇತ್ತು, ಸಮತೋಲ ಇರಲಿಲ್ಲ.

ರೈಟ್ ಸಹೋದರರು 1900ರಿಂದ 1903ರವರೆಗೆ, ರೈಲು ಖರ್ಚೂ ಸೇರಿ, ವ್ಯಯ ಮಾಡಿದ್ದು ಒಂದು ಸಾವಿರ ಡಾಲರಿಗೂ ಕಡಿಮೆ.

ಡಿಸೆಂಬರ್ ಹೊತ್ತಿಗೆ ಅವರ ಯಂತ್ರ ಕಿಟ್ಟಿ ಹಾಕ್‌ ಹತ್ತಿರದ ಮರಳುದಿಬ್ಬದಲ್ಲಿ ಸಿದ್ಧವಾಗಿತ್ತು. ರೆಕ್ಕೆಯ ಅಗಲ 40 ಅಡಿ, ತೂಕ ಸುಮಾರು 274 ಕಿಲೋ. 13ನೇ ತಾರೀಖು ಹವೆ ಚೆನ್ನಾಗಿತ್ತು, ಗಾಳಿಯೂ ಹದವಾಗಿತ್ತು. ಆದರೆ ಅದು ಭಾನುವಾರ. ಬಿಷಪ್ ತಂದೆಯ ಮಕ್ಕಳು ಆ ದಿನ ಯಂತ್ರ ಮುಟ್ಟಲಿಲ್ಲ. ವರ್ಷಗಟ್ಟಲೆ ಕಾದ ಕೆಲಸ ಕೈಗೆ ಸಿಗುವ ಹೊತ್ತಿನಲ್ಲೂ ವಿಶ್ರಾಂತಿಯ ದಿನವನ್ನು ಬಿಟ್ಟುಕೊಡಲಿಲ್ಲ. ಪುಸ್ತಕ ಓದುತ್ತಾ ಕುಳಿತರು. ಸಾಯಂಕಾಲ ಜೀವರಕ್ಷಕ ಠಾಣೆಯ ಒಬ್ಬರು ಹೆಂಡತಿ ಮಕ್ಕಳೊಂದಿಗೆ ನೋಡಲು ಬಂದಿದ್ದರು.

14ರಂದು ನಾಣ್ಯ ಚಿಮ್ಮಿ ನೋಡಿದಾಗ ಮೊದಲ ಸರದಿ ವಿಲ್ಬರ್‌ಗೆ ಬಂತು. ಯಂತ್ರ ಮೇಲೆದ್ದು ಮೂರೂವರೆ ಸೆಕೆಂಡಿನಲ್ಲಿ ಕೆಳಗಿಳಿದು ಸ್ವಲ್ಪ ಮುರಿಯಿತು. ರಿಪೇರಿ ಮಾಡಿದರು.

17ನೇ ತಾರೀಖು, ಗುರುವಾರ. ಕೊರೆಯುವ ಚಳಿ, ಗುಂಡಿಯ ನೀರು ಹೆಪ್ಪುಗಟ್ಟಿತ್ತು. ನೋಡಲು ಬಂದವರು ಐದೇ ಜನ. ಜೀವರಕ್ಷಕ ಠಾಣೆಯ ಜಾನ್ ಡೇನಿಯಲ್ಸ್, ವಿಲ್ ಡೋ, ಆಡಂ ಎಥರಿಜ್, ಮರದ ವ್ಯಾಪಾರದ ಬ್ರಿಂಕ್ಲಿ, ಮತ್ತು ಜಾನಿ ಮೂರ್ ಎಂಬ ಹುಡುಗ. ಯಂತ್ರವನ್ನು ಹೊತ್ತು ಹಳಿಯ ಮೇಲಿಡಲು ಇವರೇ ಕೈಕೊಟ್ಟರು. ಬೆಳಿಗ್ಗೆ 10 ಗಂಟೆ 35 ನಿಮಿಷಕ್ಕೆ ಆರ್ವಿಲ್ ಯಂತ್ರದ ಮೇಲೆ ಬೋರಲು ಮಲಗಿದರು. ಟೇಲರ್ ಮಾಡಿದ ಇಂಜಿನ್ ಗುಡುಗಿತು. ಯಂತ್ರ ಹಳಿ ಬಿಟ್ಟು ಮೇಲೆದ್ದಿತು. 12 ಸೆಕೆಂಡು, 120 ಅಡಿ. ಆ ದಿನ ನಾಲ್ಕು ಸಲ ಹಾರಿದರು. ನಾಲ್ಕನೆಯ ಸಲ ವಿಲ್ಬರ್ 59 ಸೆಕೆಂಡಿನಲ್ಲಿ 852 ಅಡಿ ಹೋದರು.

ಮೊದಲ ಹಾರಾಟದ ಫೋಟೋ ಇಂದಿಗೂ ಪುಸ್ತಕಗಳಲ್ಲಿ ಇದೆ. ಅದನ್ನು ತೆಗೆದವರು ಜಾನ್ ಡೇನಿಯಲ್ಸ್. ಆರ್ವಿಲ್ ಕ್ಯಾಮೆರಾ ನಿಲ್ಲಿಸಿಕೊಟ್ಟು, ಯಾವಾಗ ಒತ್ತಬೇಕೆಂದು ಹೇಳಿದ್ದರು. ಹಡಗು ಒಡೆದಾಗ ಕಡಲಿಗೆ ಇಳಿದು ಜನರನ್ನು ಎಳೆದು ತರುವ ಕೆಲಸ ಡೇನಿಯಲ್ಸ್ ಅವರದು. ಅದೇ ದಿನ ನಾಲ್ಕನೆಯ ಹಾರಾಟದ ನಂತರ ಬಿರುಗಾಳಿ ಯಂತ್ರವನ್ನು ಮಗುಚಿತು. ಹಿಡಿಯಲು ಹೋದ ಡೇನಿಯಲ್ಸ್ ಅದರೊಳಗೆ ಸಿಕ್ಕಿ ಉರುಳಿ ಮೈಯೆಲ್ಲ ಜಜ್ಜಿಸಿಕೊಂಡರು. ಆ ಯಂತ್ರ ಮತ್ತೆ ಹಾರಲಿಲ್ಲ.

ಸಂಜೆ ತಂದೆಗೆ ತಂತಿ ಕಳಿಸಿದರು. ತಂತಿ ದಾರಿಯಲ್ಲಿ ಕೆಟ್ಟು 59 ಸೆಕೆಂಡು 57 ಆಯಿತು, ಆರ್ವಿಲ್ ಹೆಸರಿನ ಅಕ್ಷರಗಳೂ ತಪ್ಪಾದವು. ಮೊದಲು ಹಾರಿದ ಮನುಷ್ಯನ ಹೆಸರೇ ಮೊದಲ ಕಾಗದದಲ್ಲಿ ತಪ್ಪಾಗಿ ಬಿತ್ತು! ಇದನ್ನು ನೆನಪಿಡಿ, ಆಮೇಲೆ ಹೇಳುತ್ತೇನೆ.

ಕೀರ್ತಿ ಬಂದ ಮೇಲೆ

ಮುಂದಿನ ಎರಡು ವರ್ಷ ಡೇಟನ್ ಹತ್ತಿರದ ಹುಲ್ಲುಗಾವಲಿನಲ್ಲಿ ಯಂತ್ರವನ್ನು ತಿದ್ದಿ ತಿದ್ದಿ ಹಾರಿಸಿದರು. 1905ರ ಅಕ್ಟೋಬರ್ 5ರಂದು ವಿಲ್ಬರ್ ಸುಮಾರು 39 ನಿಮಿಷ ಆಕಾಶದಲ್ಲಿದ್ದು 24 ಮೈಲಿ ಸುತ್ತಿದರು. ಆ ದಿನಗಳಲ್ಲಿ ಇಂಜಿನ್ ನೋಡಿಕೊಂಡವರು ಟೇಲರ್. ತನಗೂ ಹಾರಲು ಕಲಿಸಿ ಎಂದು ಅವರು ಕೇಳಿದ್ದರು. ಯಜಮಾನರು ಒಪ್ಪಲಿಲ್ಲ. ಹಾರಲು ಕಲಿತರೆ ಪ್ರದರ್ಶನಕ್ಕೆಂದು ಊರೂರು ತಿರುಗಿಯಾನು, ನಮಗೆ ಕೆಲಸಕ್ಕೆ ಬೇಕು ಎಂಬುದು ಅವರ ಎಣಿಕೆ. ಕೆಲಸ ಚೆನ್ನಾಗಿ ಬಲ್ಲವರಿಗೇ ಮೇಲೆ ಹೋಗುವ ಬಾಗಿಲು ಮುಚ್ಚುವುದನ್ನು ನಾವೂ ಕಂಡಿದ್ದೇವೆ.

1908ರಲ್ಲಿ ವಿಲ್ಬರ್ ಫ್ರಾನ್ಸಿನಲ್ಲಿ ಹಾರಿ ಯೂರೋಪನ್ನೇ ಬೆರಗುಗೊಳಿಸಿದರು. ಅದೇ ಸೆಪ್ಟೆಂಬರ್ 17ರಂದು ಅಮೆರಿಕದ ಫೋರ್ಟ್ ಮಾಯರ್ ಎಂಬಲ್ಲಿ ಆರ್ವಿಲ್ ಹಾರಿಸುತ್ತಿದ್ದ ವಿಮಾನದ ಪ್ರೊಪೆಲ್ಲರ್ ಬಿರುಕುಬಿಟ್ಟು ಯಂತ್ರ ನೆಲಕ್ಕಪ್ಪಳಿಸಿತು. ಜೊತೆಗಿದ್ದ ಸೈನ್ಯದ ಅಧಿಕಾರಿ ಥಾಮಸ್ ಸೆಲ್ಫ್ರಿಜ್ ಸತ್ತರು. ಇಂಜಿನ್ ವಿಮಾನದಲ್ಲಿ ಸತ್ತ ಮೊದಲ ಮನುಷ್ಯ ಅವರು. ಆರ್ವಿಲ್ ತೊಡೆ, ಪಕ್ಕೆಲುಬು ಮುರಿದವು. ಓಡಿಹೋಗಿ ಅವರನ್ನು ಹೊರಗೆಳೆದವರಲ್ಲಿ ಟೇಲರ್ ಒಬ್ಬರು. ಶಾಲೆಯ ಕೆಲಸ ಬಿಟ್ಟು ಓಡಿಬಂದು ವಾರಗಟ್ಟಲೆ ಅಣ್ಣನ ಹಾಸಿಗೆಯ ಬಳಿ ಕುಳಿತವಳು ಕ್ಯಾಥರೀನ್.

1911ರಲ್ಲಿ ಕ್ಯಾಲ್ಬ್ರೈತ್ ರಾಡ್ಜರ್ಸ್ ಎಂಬವರು ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ವಿಮಾನದಲ್ಲಿ ದಾಟಿದ ಮೊದಲಿಗರಾದರು. ಆಗ ಮೆಕ್ಯಾನಿಕ್ ಆಗಿ ಹೋದವರು ಟೇಲರ್. ವಿಮಾನ ದಾರಿಯುದ್ದಕ್ಕೂ ಬಿದ್ದು ಮುರಿಯುತ್ತಿತ್ತು, ಕೆಳಗೆ ರೈಲಿನಲ್ಲಿ ಬಿಡಿಭಾಗ ಇಟ್ಟುಕೊಂಡು ಬರುತ್ತಿದ್ದವರು ಮತ್ತೆ ಕಟ್ಟುತ್ತಿದ್ದರು. ತಲುಪುವ ಹೊತ್ತಿಗೆ ಹೊರಟಾಗಿದ್ದ ಭಾಗಗಳಲ್ಲಿ ಉಳಿದಿದ್ದದ್ದು ಕೆಲವೇ.

ಮುಪ್ಪು

1912ರಲ್ಲಿ ವಿಲ್ಬರ್ ವಿಷಮಶೀತ ಜ್ವರದಿಂದ ತೀರಿಕೊಂಡರು. 1915ರಲ್ಲಿ ಆರ್ವಿಲ್ ಕಂಪೆನಿಯನ್ನು ಮಾರಿದರು. ಟೇಲರ್ ಇನ್ನೂ ಕೆಲವು ವರ್ಷ ಡೇಟನ್‌ನಲ್ಲಿ ದುಡಿದು, 1928ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಕೂಡಿಟ್ಟ ಹಣವನ್ನು ಭೂಮಿಗೆ ಹಾಕಿದರು. ಭೂಮಿ ಕೈಹಿಡಿಯಲಿಲ್ಲ. ಆಮೇಲೆ ಅಮೆರಿಕದಲ್ಲೆಲ್ಲ ಕೆಲಸ ಇಲ್ಲದ ಕಾಲ ಬಂತು. ಮೊದಲ ವಿಮಾನದ ಇಂಜಿನ್ ಮಾಡಿದ ಮನುಷ್ಯ ಒಂದು ವಿಮಾನ ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸಗಾರನಾಗಿ ನಿಂತರು. ಕೂಲಿ ಗಂಟೆಗೆ 37 ಸೆಂಟ್. 1901ರಲ್ಲಿ 30 ಇತ್ತಲ್ಲ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏರಿದ್ದು ಏಳು ಸೆಂಟ್!

1937ರಲ್ಲಿ ಕಾರು ಕಂಪೆನಿಯ ಹೆನ್ರಿ ಫೋರ್ಡ್ ರೈಟ್ ಸಹೋದರರ ಸೈಕಲ್ ಅಂಗಡಿಯನ್ನು ಕೊಂಡು ತನ್ನ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿಸಿದಾಗ, ಹಳೆಯದೆಲ್ಲ ಎಲ್ಲೆಲ್ಲಿ ಇತ್ತು ಎಂದು ಹೇಳಬಲ್ಲವರು ಬೇಕಾದರು. ಟೇಲರ್ ಅವರನ್ನು ಹುಡುಕಿಸಿ ಕರೆಸಿಕೊಂಡರು. ಆ ಕೆಲಸ ಮುಗಿದ ಮೇಲೆ ಅವರು ಮತ್ತೆ ಕಾರ್ಖಾನೆ ಕೆಲಸಕ್ಕೆ ಮರಳಿದರು. 1945ರಲ್ಲಿ ಹೃದಯಾಘಾತವಾಗಿ ಕೆಲಸ ಬಿಡಬೇಕಾಯಿತು. ಆಗ ಅವರಿಗೆ 77 ವರ್ಷ.

ಆರ್ವಿಲ್ ಅವರನ್ನು ಮರೆತಿರಲಿಲ್ಲ. 1948ರ ಜನವರಿ 30ರಂದು ಆರ್ವಿಲ್ ತೀರಿಕೊಂಡಾಗ, ಟೇಲರ್‌ಗೆ ವರ್ಷಕ್ಕೆ 800 ಡಾಲರ್ ಸಲ್ಲಬೇಕೆಂದು ಉಯಿಲಿನಲ್ಲಿ ಬರೆದಿದ್ದರು. ಒಳ್ಳೆಯ ಮನಸ್ಸು. ಆದರೆ ಲೆಕ್ಕ ನೋಡಿ. 1901ರಲ್ಲಿ ವಾರಕ್ಕೆ 18ರಂತೆ ವರ್ಷಕ್ಕೆ ಬರುತ್ತಿದ್ದದ್ದು 936 ಡಾಲರ್. ಅರ್ಧ ಶತಮಾನ ಕಳೆದು ಬೆಲೆಗಳು ಸುಮಾರು ಮೂರು ಪಟ್ಟು ಏರಿದ ಮೇಲೆ ಕೈಗೆ ಬಂದದ್ದು 800. ಆ ಮೊತ್ತ ಹಾಗೆಯೇ ನಿಂತಿತು, ಅಂಗಡಿಯ ಬೆಲೆ ನಿಲ್ಲಲಿಲ್ಲ.

1955ರಲ್ಲಿ ಒಬ್ಬ ಪತ್ರಕರ್ತ ಅವರನ್ನು ಲಾಸ್ ಏಂಜಲೀಸಿನ ಸರಕಾರಿ ಆಸ್ಪತ್ರೆಯ ಧರ್ಮದ ವಾರ್ಡಿನಲ್ಲಿ ಕಂಡ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ವಿಮಾನ ಉದ್ಯಮದವರು ಹಣ ಕೂಡಿಸಿ ಒಳ್ಳೆಯ ಆಸ್ಪತ್ರೆಗೆ ಸೇರಿಸಿದರು. 1956ರ ಜನವರಿ 30ರಂದು, ಆರ್ವಿಲ್ ತೀರಿಕೊಂಡ ಅದೇ ತಾರೀಖು, ಟೇಲರ್ ಕಣ್ಣು ಮುಚ್ಚಿದರು. ಅವರಿಗೆ 87 ವರ್ಷ.

ಈಗ ಅವರ ಹೆಸರಿಗೆ ಗೌರವ ಇದೆ. ಐವತ್ತು ವರ್ಷ ದುಡಿದ ವಿಮಾನ ಮೆಕ್ಯಾನಿಕರಿಗೆ ಅಮೆರಿಕದ ವಿಮಾನಯಾನ ಇಲಾಖೆ ಕೊಡುವ ಪ್ರಶಸ್ತಿ ಟೇಲರ್ ಹೆಸರಿನದು. ಅವರು ಹುಟ್ಟಿದ ಮೇ 24 ಅಲ್ಲಿ ಮೆಕ್ಯಾನಿಕರ ದಿನ. 1903ರ ಆ ರೆಕ್ಕೆಯ ಬಟ್ಟೆಯ ತುಂಡು 1969ರಲ್ಲಿ ಚಂದ್ರನಿಗೆ ಹೋಗಿ ಬಂತು. ಇನ್ನೊಂದು ಸಣ್ಣ ತುಂಡು 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರಿನಲ್ಲಿ ಇತ್ತು. ಆದರೆ ಈ ಗೌರವ ಬರುವ ಮುಂಚೆ ಮನುಷ್ಯ ಧರ್ಮದ ವಾರ್ಡಿನಲ್ಲಿ ಮಲಗಿದ್ದರು.

ನಾವು ತಿಳಿಯಬೇಕಾದದ್ದು

ಬಾಂಧವರೇ, ರೈಟ್ ಸಹೋದರರನ್ನು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರೂ ಕೈಕೆಸರು ಮಾಡಿಕೊಂಡು ದುಡಿದವರು. ಕೂಲಿ ಸರಿಯಾಗಿ ಕೊಟ್ಟರು, ಕೊನೆಯಲ್ಲಿ ನೆನಪಿಟ್ಟರು. ಆದರೂ ಟೇಲರ್ ಅವರ ಮುಪ್ಪು ಹಾಗೇಕೆ ಆಯಿತು? ಯಜಮಾನರ ದಯೆ ಇತ್ತು, ಹಕ್ಕು ಇರಲಿಲ್ಲ. ದಯೆ ಒಬ್ಬ ಮನುಷ್ಯನ ಮನಸ್ಸಿನಲ್ಲಿ ಇರುತ್ತದೆ, ಅವನು ಹೋದರೆ ಅದೂ ಹೋಗಬಹುದು. ಹಕ್ಕು ಕಾಗದದ ಮೇಲೆ ಇರುತ್ತದೆ, ಕೇಳಲು ಬರುತ್ತದೆ. ಬೆಲೆ ಏರಿದಂತೆ ಭತ್ಯೆಯೂ ಏರಬೇಕೆಂದು ಸಂಘ ಏಕೆ ಹಟ ಹಿಡಿಯುತ್ತದೆ ಎಂದು ಕೆಲವರು ಕೇಳುತ್ತೀರಿ. ಆ 800 ಡಾಲರನ್ನು ನೆನೆಸಿಕೊಳ್ಳಿ.

ಮಕ್ಕಳಿಗೆ ಒಂದು ಮಾತು. ಕೈಕೆಲಸ ಬುದ್ಧಿ ಇಲ್ಲದವರ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡಿ. 45 ಕಿಲೋ ಉಕ್ಕಿನೊಳಗೆ ಎಂಟೂವರೆ ಕಿಲೋ ಕ್ರ್ಯಾಂಕ್ ಶಾಫ್ಟನ್ನು ಕಂಡ ಕಣ್ಣು ಬುದ್ಧಿಯ ಕಣ್ಣು. ಓದಿ, ಓದಿನ ಜೊತೆ ಒಂದು ಕೈಕಸುಬನ್ನೂ ಕಲಿಯಿರಿ.

ಕೊನೆಗೆ, ಆ ತಂತಿಯ ವಿಷಯ. ನಾವು ಗಡಿಯ ಈಚೆಗೆ ಇರುವ ಕನ್ನಡದವರು. ನಮ್ಮ ಹೆಸರನ್ನು ಮನೆಯಲ್ಲಿ ಒಂದು ರೀತಿ ಕರೆಯುತ್ತಾರೆ, ತೋಟದ ಚೆಕ್ ರೋಲಿನಲ್ಲಿ ಇನ್ನೊಂದು ಭಾಷೆಯವರು ಇನ್ನೊಂದು ರೀತಿ ಬರೆಯುತ್ತಾರೆ, ಆಧಾರಿನಲ್ಲಿ ಮತ್ತೊಂದು, ಪಿ.ಎಫ್. ಕಾಗದದಲ್ಲಿ ಮಗದೊಂದು. ಆರ್ವಿಲ್ ಹೆಸರು ತಪ್ಪಾದರೂ ಲೋಕ ತಿದ್ದಿಕೊಂಡಿತು. ನಮ್ಮ ಹೆಸರು ತಪ್ಪಾದರೆ ಮೂವತ್ತು ವರ್ಷದ ದುಡಿಮೆಯ ಹಣ ಕಚೇರಿಯಲ್ಲೇ ಕೂರುತ್ತದೆ. ಕೆಲಸದಿಂದ ಇಳಿದ ಮೇಲೆ ತಿದ್ದಲು ಅಲೆಯುವುದಕ್ಕಿಂತ ಕೈಕಾಲು ಗಟ್ಟಿ ಇರುವಾಗಲೇ ತಿದ್ದಿಸಿಕೊಳ್ಳುವುದು ಮೇಲು.

ಆದ್ದರಿಂದ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರತಿಯೊಂದು ಲೈನಿನವರೂ ನಿಮ್ಮ ಪಿ.ಎಫ್. ಚೀಟಿ, ಆಧಾರ್ ಕಾರ್ಡು, ಕೆಲಸಕ್ಕೆ ಸೇರಿದ ವರ್ಷ ಬರೆದ ಕಾಗದ ಇದ್ದರೆ ಅದನ್ನೂ ತನ್ನಿ. ಓದಲು ಬಾರದವರು ಸಂಕೋಚಪಡಬೇಡಿ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಬನ್ನಿ. ಅಕ್ಷರ ಅಕ್ಷರ ಸೇರಿಸಿ ಹೆಸರು ನೋಡೋಣ. ತಪ್ಪಿದ್ದರೆ ಅರ್ಜಿ ಬರೆಯೋಣ.